ಹತ್ತಿರ ಸರಿ, ದೂರದಲ್ಲಿ ತಪ್ಪು: ರೈಫಲ್ ಸ್ಕೋಪಿನ ಎತ್ತರದ ಹೊಂದಾಣಿಕೆಯಲ್ಲಿ ದೋಷ ಹುಡುಕುವ ಕ್ರಮ

ನೂರು ಮೀಟರಿನಲ್ಲಿ ಗುರಿಹಲಗೆಯ ನಡುವಿಗೇ ಬೀಳುವ ಗುಂಡು ಐನೂರು ಮೀಟರಿನಲ್ಲಿ ಹಲಗೆಯ ಕೆಳಗಿನ ಮಣ್ಣಿಗೆ ಬಿದ್ದಾಗ, ಸ್ಕೋಪ್ (ರೈಫಲಿನ ಮೇಲೆ ಕೂರಿಸುವ ಗುರಿ ದೂರದರ್ಶಕ) ಕೆಟ್ಟಿದೆಯೆಂದು ತೀರ್ಮಾನಿಸಿ ಟರೆಟ್ (ಅದರ ಮೇಲಿರುವ, ಎತ್ತರ ಹೊಂದಿಸುವ ತಿರುಗುಗುಂಡಿ) ತಿರುಗಿಸುವುದು ಹೆಚ್ಚಿನವರು ಮಾಡುವ ಮೊದಲ ಕೆಲಸ. ಆದರೆ ಸ್ಕೋಪಿನ ಒಳಭಾಗವೇ ಕೆಟ್ಟಿರುವ ಸಂದರ್ಭಗಳಿಗಿಂತ ಸಡಿಲವಾದ ತಿರುಪು, ಅದಲುಬದಲಾದ ಅಳತೆಯ ಮಾನ, ತಪ್ಪಾಗಿ ಅಳೆದ ದೂರ ಅಥವಾ ಗುಂಡಿನ ಇಳಿತದ ಲೆಕ್ಕಕ್ಕೆ ತಪ್ಪಾಗಿ ಕೊಟ್ಟ ವೇಗವೇ ಕಾರಣವಾಗಿರುವ ಸಂದರ್ಭಗಳು ಬಹಳ ಹೆಚ್ಚು. ಕಾರಣ ತಿಳಿಯುವ ಮೊದಲೇ ಟರೆಟ್ ತಿರುಗಿಸಿದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂತು, ಆಮೇಲೆ ಎರಡನ್ನೂ ಬೇರ್ಪಡಿಸುವುದು ಕಷ್ಟವಾಗುತ್ತದೆ. ಈ ಬರಹ ಪರವಾನಗಿ ಹೊಂದಿ ಅಧಿಕೃತ ಶೂಟಿಂಗ್ ರೇಂಜಿನಲ್ಲಿ ಗುರಿ ಅಭ್ಯಾಸ ಮಾಡುವವರಿಗಾಗಿ ಇದೆ.

ಆರಂಭಕ್ಕೆ ಮುನ್ನ ಸುರಕ್ಷತೆ

ಸ್ಕೋಪ್, ರಿಂಗ್ (ಸ್ಕೋಪನ್ನು ಹಿಡಿಯುವ ಉಂಗುರ), ಬೇಸ್ (ರಿಂಗ್ ಕೂರುವ ಅಡಿಪಟ್ಟಿ) ಇವುಗಳಲ್ಲಿ ಯಾವುದನ್ನು ಮುಟ್ಟುವ ಮೊದಲೂ ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದಕ್ಕೆಳೆದು, ಚೇಂಬರ್ (ಕಾರ್ಟ್ರಿಡ್ಜ್ ಕೂರುವ ಜಾಗ) ಖಾಲಿಯಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು. ಬೋಲ್ಟ್ ಹೊರತೆಗೆಯಲು ಬರುವ ರೈಫಲ್ ಆದರೆ ಅದನ್ನು ತೆಗೆದೇ ಇಡುವುದು ಒಳ್ಳೆಯದು. ಮದ್ದುಗುಂಡು ಅದೇ ಮೇಜಿನ ಮೇಲೆ ಇರಬಾರದು. ನಳಿಗೆಯೊಳಗೆ ಕೂರಿಸುವ ಲೇಸರ್ ಸಾಧನದಿಂದ ಸ್ಥೂಲ ಹೊಂದಾಣಿಕೆ ಮಾಡಿದ್ದರೆ, ಅದನ್ನು ಹೊರತೆಗೆದು ನಳಿಗೆ ತೆರವಾಗಿರುವುದನ್ನು ನೋಡಿಕೊಳ್ಳದೆ ಕಾರ್ಟ್ರಿಡ್ಜ್ ತುಂಬಬಾರದು, ಏಕೆಂದರೆ ನಳಿಗೆಯಲ್ಲಿ ಏನಾದರೂ ಉಳಿದಿರುವಾಗ ಹಾರಿಸಿದರೆ ನಳಿಗೆಯೇ ಸಿಡಿಯಬಹುದು. ಕಣ್ಣು ಮತ್ತು ಕಿವಿಗೆ ರಕ್ಷಣೆ ಇರಲೇಬೇಕು.

ಎತ್ತರದ ತಿದ್ದುಪಡಿ ಮಾಡುವಾಗ ಗುಂಡು ಎಲ್ಲಿ ಬೀಳುತ್ತದೆಂಬುದು ಸ್ವಲ್ಪ ಹೊತ್ತಾದರೂ ಅನಿಶ್ಚಿತವಾಗಿರುವುದರಿಂದ, ಗುರಿಹಲಗೆಯ ಮೇಲೂ ಕೆಳಗೂ ಸಾಕಷ್ಟು ಎತ್ತರದ ಮಣ್ಣಿನ ದಿಬ್ಬ ಇರುವ ಕಡೆ ಮಾತ್ರ ಈ ಕೆಲಸ ಮಾಡಬೇಕು. ಪುಟ್ಟದೆಂದು ಹಗುರವಾಗಿ ಕಾಣುವ .22 ರಿಮ್‌ಫೈರ್ ಗುಂಡು ಕೂಡ ಒಂದೂವರೆ ಕಿಲೋಮೀಟರನ್ನು ಮೀರಿ ಹೋಗಬಲ್ಲದು.

ತಪ್ಪನ್ನು ಸೆಂಟಿಮೀಟರಿನಲ್ಲಲ್ಲ, ಕೋನದಲ್ಲಿ ಬರೆದುಕೊಳ್ಳಿ

ಗುಂಡು ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ ಬೀಳತೊಡಗುತ್ತದೆ, ಮತ್ತು ಎಷ್ಟು ಬೀಳುತ್ತದೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಹಾರಾಟದ ಸಮಯ. ಸರಾಸರಿ ಸೆಕೆಂಡಿಗೆ 700 ಮೀಟರ್ ವೇಗದಲ್ಲಿ 300 ಮೀಟರ್ ದಾಟುವ ಗುಂಡಿಗೆ ಸುಮಾರು 0.43 ಸೆಕೆಂಡ್ ಬೇಕು, ಅಷ್ಟರಲ್ಲಿ ಅದು ನಳಿಗೆಯ ರೇಖೆಯಿಂದ ಸುಮಾರು 90 ಸೆಂಟಿಮೀಟರ್ ಕೆಳಗಿರುತ್ತದೆ. ಅದೇ ಗುಂಡು ಗಾಳಿಯ ತಡೆಯಿಂದ ನಿಧಾನಗೊಂಡು 600 ಮೀಟರಿಗೆ ಒಂದು ಸೆಕೆಂಡ್ ತೆಗೆದುಕೊಂಡರೆ ಇಳಿತ 4.9 ಮೀಟರಿನ ಆಸುಪಾಸಿಗೆ ಬರುತ್ತದೆ. ದೂರ ಎರಡು ಪಟ್ಟಾದಾಗ ಇಳಿತ ಐದು ಪಟ್ಟು ಮೀರಿತು. ಹೀಗಿರುವಾಗ ಬೇರೆ ಬೇರೆ ದೂರಗಳಲ್ಲಿ ಗುಂಡು ಎಷ್ಟು ಸೆಂಟಿಮೀಟರ್ ಕೆಳಗೆ ಬಿತ್ತೆಂದು ಹೋಲಿಸಿ ನೋಡಿದರೆ ಏನೂ ತಿಳಿಯುವುದಿಲ್ಲ.

ಆದ್ದರಿಂದ ಪ್ರತಿ ದೂರದ ತಪ್ಪನ್ನೂ ಕೋನಕ್ಕೆ ಪರಿವರ್ತಿಸಬೇಕು. ಒಂದು ಮಿಲ್ ಎಂದರೆ 100 ಮೀಟರಿನಲ್ಲಿ 10 ಸೆಂಟಿಮೀಟರ್, 500 ಮೀಟರಿನಲ್ಲಿ 50 ಸೆಂಟಿಮೀಟರ್. ಒಂದು ಎಂಓಎ, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, 100 ಮೀಟರಿನಲ್ಲಿ 2.9 ಸೆಂಟಿಮೀಟರ್. ಒಂದು ಮಿಲ್‌ಗೆ 3.44 ಎಂಓಎ. ಜೀರೋ ಮಾಡಿದ ದೂರ (ಗುರಿಯಿಟ್ಟ ಬಿಂದುವಿಗೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸಿದ ದೂರ), ಒಂದು ಮಧ್ಯದೂರ, ಒಂದು ಹೆಚ್ಚಿನ ದೂರ ಎಂದು ಮೂರು ಕಡೆಯಾದರೂ ತಲಾ ಐದು ಗುಂಡು ಹಾರಿಸಿ, ಪ್ರತಿ ಗುಂಪಿನ ನಡುಬಿಂದು ಗುರಿಯಿಂದ ಎಷ್ಟು ಕೋನ ತಪ್ಪಿದೆ, ಟರೆಟ್ ಮೇಲೆ ಎಷ್ಟು ತಿದ್ದುಪಡಿ ಕೊಟ್ಟಿತ್ತು ಎಂಬೆರಡನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಒಂದೇ ಗುಂಡಿನ ಆಧಾರದ ಮೇಲೆ ಏನನ್ನೂ ತೀರ್ಮಾನಿಸಬಾರದು. ಗುಂಪಿನ ಹರವಿಗಿಂತ ಚಿಕ್ಕದಾದ ತಪ್ಪನ್ನು ತಪ್ಪೆಂದೇ ಎಣಿಸಬೇಕಾಗಿಲ್ಲ. ಈ ಪುಟ್ಟ ಪಟ್ಟಿಯಲ್ಲಿ ತಪ್ಪು ಹೇಗೆ ಬೆಳೆಯುತ್ತದೆ ಎಂಬುದೇ ದೋಷ ಎಲ್ಲಿದೆಯೆಂದು ತೋರಿಸುತ್ತದೆ, ಮತ್ತು ಮುಂದಿನ ಭಾಗಗಳೆಲ್ಲ ಆ ಪಟ್ಟಿ ನಿಮ್ಮ ಮುಂದಿದೆ ಎಂದುಕೊಂಡೇ ಬರೆದವು.

ಲಕ್ಷಣ: ಹತ್ತಿರದ ದೂರದಲ್ಲೇ ಗುಂಡುಗಳು ಚದುರುತ್ತವೆ, ಜೀರೋ ನಿಲ್ಲುವುದಿಲ್ಲ

ಇಂದು ಸರಿಮಾಡಿದ ಜೀರೋ ಮುಂದಿನ ಬಾರಿ ಬೇರೆ ಕಡೆ ಇದ್ದರೆ, ಅಥವಾ ಗುಂಪುಗಳು ಮೊದಲಿಗಿಂತ ದೊಡ್ಡದಾಗಿದ್ದರೆ, ದೂರದ ಮಾತನ್ನು ಬದಿಗಿಟ್ಟು ತಿರುಪುಗಳಿಂದ ಆರಂಭಿಸಬೇಕು. ಬೇಸನ್ನು ರೈಫಲಿಗೆ ಬಿಗಿಯುವ ತಿರುಪು, ರಿಂಗನ್ನು ಬೇಸಿಗೆ ಬಿಗಿಯುವ ತಿರುಪು, ರಿಂಗಿನ ಮೇಲ್ಭಾಗದ ತಿರುಪು, ಕೊನೆಗೆ ಆಕ್ಷನ್ ಅನ್ನು (ಬೋಲ್ಟ್ ಕೂರುವ ಲೋಹದ ಭಾಗ) ಸ್ಟಾಕಿಗೆ (ಹೆಗಲಿಗೆ ಆನಿಸುವ ಹಿಡಿಕೆ) ಹಿಡಿದಿರುವ ತಿರುಪು, ಇದೇ ಕ್ರಮದಲ್ಲಿ ಟಾರ್ಕ್ ವ್ರೆಂಚಿನಿಂದ ಪರೀಕ್ಷಿಸಿ. ರಿಂಗಿನ ಮೇಲ್ಭಾಗದ ತಿರುಪುಗಳಿಗೆ ಸಾಮಾನ್ಯವಾಗಿ ಹೇಳುವ ಬಿಗಿತ 2 ನ್ಯೂಟನ್ ಮೀಟರಿನ ಆಸುಪಾಸಿನದು. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಕೈಯಂದಾಜಿನಲ್ಲಿ ಅತಿಯಾಗಿ ಬಿಗಿದರೆ ಸ್ಕೋಪಿನ ಕೊಳವೆ ನಜ್ಜಾಗಿ ಒಳಗಿನ ಚಲಿಸುವ ಭಾಗ ಕಚ್ಚಿಕೊಳ್ಳಬಹುದು, ಆಗ ಇಲ್ಲದ ದೋಷವೊಂದು ಹೊಸದಾಗಿ ಹುಟ್ಟುತ್ತದೆ. ಕೊಳವೆಯ ಮೇಲೆ ರಿಂಗಿನ ಅಂಚಿನಲ್ಲಿ ಹೊಳೆಯುವ ಉಜ್ಜುಗೆರೆ ಕಂಡರೆ ಪ್ರತಿ ಹೊಡೆತದ ಹಿನ್ನೂಕಿಗೂ ಸ್ಕೋಪ್ ಜಾರುತ್ತಿದೆಯೆಂದು ಅರ್ಥ.

ತಿರುಪುಗಳೆಲ್ಲ ಬಿಗಿಯಾಗಿದ್ದರೆ ಪ್ಯಾರಲಾಕ್ಸ್ ನೋಡಿ, ಅಂದರೆ ಕಣ್ಣು ಸರಿದಾಗ ಗುರಿಯ ಮೇಲೆ ರೆಟಿಕಲ್ (ಸ್ಕೋಪಿನೊಳಗಿನ ಗುರಿಗೆರೆಗಳು) ಸರಿದಂತೆ ಕಾಣುತ್ತದೆಯೇ ಎಂದು. ಕಣ್ಣಿನ ಕಡೆಯ ಉಂಗುರವನ್ನು ತಿರುಗಿಸಿ ರೆಟಿಕಲ್ ಗೆರೆಗಳು ಬರಿಯ ಆಕಾಶದ ಎದುರು ಚೂಪಾಗಿ ಕಾಣುವಂತೆ ಮೊದಲು ಹೊಂದಿಸಬೇಕು. ಯಾವ ಕಾರಣಕ್ಕೂ ಸೂರ್ಯನ ಕಡೆ ನೋಡಬಾರದು. ಬಳಿಕ ಖಾಲಿ ರೈಫಲನ್ನು ಮರಳಿನ ಚೀಲಗಳ ಮೇಲೆ ಅಲುಗಾಡದಂತೆ ಕೂರಿಸಿ, ಅದನ್ನು ಮುಟ್ಟದೆ ತಲೆಯನ್ನು ಮಾತ್ರ ಮೇಲೆ ಕೆಳಗೆ ಆಡಿಸಿ ನೋಡಿ. ಗುರಿಯ ಮೇಲೆ ರೆಟಿಕಲ್ ಈಜಿದಂತೆ ಕಂಡರೆ, ಕೆನ್ನೆಯಿಡುವ ಜಾಗ ಸ್ವಲ್ಪ ಬದಲಾದಾಗಲೆಲ್ಲ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಪಕ್ಕದ ಪ್ಯಾರಲಾಕ್ಸ್ ಗುಂಡಿಯ ಮೇಲೆ ಕೆತ್ತಿದ ದೂರದ ಅಂಕಿಗಳನ್ನು ನಂಬುವುದಕ್ಕಿಂತ ಈಜು ನಿಲ್ಲುವವರೆಗೆ ತಿರುಗಿಸುವುದೇ ಸರಿ.

ಇಷ್ಟಾದರೂ ಚದುರುವಿಕೆ ನಿಲ್ಲದಿದ್ದರೆ ಚೆನ್ನಾಗಿ ಕೆಲಸ ಮಾಡುತ್ತಿದೆಯೆಂದು ತಿಳಿದಿರುವ ಇನ್ನೊಂದು ಸ್ಕೋಪನ್ನು ಅದೇ ರೈಫಲಿಗೆ ಕೂರಿಸಿ ಹಾರಿಸುವುದೇ ನೇರ ದಾರಿ. ಚದುರುವಿಕೆ ಹಾಗೆಯೇ ಉಳಿದರೆ ದೋಷ ನಳಿಗೆ, ಸ್ಟಾಕ್ ಅಥವಾ ಮದ್ದುಗುಂಡಿನದು.

ಲಕ್ಷಣ: ಎಲ್ಲ ದೂರಗಳಲ್ಲೂ ಒಂದೇ ಕೋನದಷ್ಟು ತಪ್ಪು

ನೂರರಲ್ಲಿ 0.3 ಮಿಲ್ ಕೆಳಗೆ, ಮುನ್ನೂರರಲ್ಲೂ 0.3, ಆರುನೂರರಲ್ಲೂ 0.3 ಎಂದು ಪಟ್ಟಿ ಹೇಳಿದರೆ ಸಂತೋಷಪಡಬಹುದು, ಏಕೆಂದರೆ ಇದು ಬರೀ ಜೀರೋ ಸರಿದಿರುವ ಪ್ರಕರಣ. ಮದ್ದುಗುಂಡಿನ ಬ್ಯಾಚ್ ಬದಲಾಗಿರಬಹುದು, ನಳಿಗೆಯ ತುದಿಗೆ ಹೊಸದಾಗಿ ಏನನ್ನಾದರೂ ಜೋಡಿಸಿರಬಹುದು, ಆನಿಕೆಯ ರೀತಿ ಬೇರೆಯಾಗಿರಬಹುದು. ಜೀರೋ ದೂರದಲ್ಲಿ ಮತ್ತೊಮ್ಮೆ ಗುಂಪು ಹಾರಿಸಿ, ನಡುಬಿಂದುವನ್ನು ಗುರಿಗೆ ತಂದು, ಟರೆಟ್ ಮುಚ್ಚಳವನ್ನು ಸಡಿಲಿಸಿ ಸೊನ್ನೆಯ ಗೆರೆಗೆ ಕೂರಿಸಿದರೆ ಮುಗಿಯಿತು. ಮುಚ್ಚಳದ ಚಿಕ್ಕ ತಿರುಪುಗಳನ್ನು ಮತ್ತೆ ಬಿಗಿಯಲು ಮರೆತರೆ, ಮುಂದೆ ಮುಚ್ಚಳ ಮಾತ್ರ ತಿರುಗಿ ಒಳಗಿನ ರೆಟಿಕಲ್ ಅಲ್ಲೇ ನಿಂತಿರುತ್ತದೆ.

ಲಕ್ಷಣ: ತಿದ್ದುಪಡಿ ಹೆಚ್ಚಿದಷ್ಟೂ ತಪ್ಪು ಅದೇ ಅನುಪಾತದಲ್ಲಿ ಹೆಚ್ಚುತ್ತದೆ

ಹೆಚ್ಚು ಜನರನ್ನು ದಾರಿ ತಪ್ಪಿಸುವ ಲಕ್ಷಣ ಇದು, ಏಕೆಂದರೆ ನಾಲ್ಕು ಬೇರೆ ಬೇರೆ ಕಾರಣಗಳು ಹಲಗೆಯ ಮೇಲೆ ಒಂದೇ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಜೀರೋ ದೂರದಲ್ಲಿ ತಪ್ಪು ಸೊನ್ನೆ, ಎರಡು ಮಿಲ್ ಕೊಟ್ಟಾಗ ಸ್ವಲ್ಪ, ಐದು ಮಿಲ್ ಕೊಟ್ಟಾಗ ಅದರ ಎರಡೂವರೆ ಪಟ್ಟು.

ಮೊದಲು ಖರ್ಚಿಲ್ಲದ ಪರೀಕ್ಷೆ: ಟರೆಟ್ ಮೇಲೆ ಕೆತ್ತಿರುವುದನ್ನು ಓದಿ. ಒಂದು ಕ್ಲಿಕ್ಕಿಗೆ (ಟರೆಟ್ ತಿರುಗಿಸುವಾಗ ಟಕ್ ಎನ್ನುವ ಒಂದೊಂದು ಹೆಜ್ಜೆಗೆ) 0.1 ಮಿಲ್ ಎಂದಿದೆಯೋ ಕಾಲು ಎಂಓಎ ಎಂದಿದೆಯೋ? ರೆಟಿಕಲ್ ಮಿಲ್ ಮಾನದ್ದಾಗಿದ್ದು ಟರೆಟ್ ಎಂಓಎ ಮಾನದ್ದಾಗಿರುವ ಸ್ಕೋಪುಗಳು ಈಗಲೂ ಬಳಕೆಯಲ್ಲಿವೆ. ಮೂರು ಮಿಲ್ ಬೇಕೆಂದು ಮೂವತ್ತು ಕ್ಲಿಕ್ ತಿರುಗಿಸಿದಾಗ ಪ್ರತಿ ಕ್ಲಿಕ್ ಕಾಲು ಎಂಓಎ ಆಗಿದ್ದರೆ ರೆಟಿಕಲ್ ನಿಜವಾಗಿ ಸರಿಯುವುದು ಸುಮಾರು 2.2 ಮಿಲ್ ಮಾತ್ರ, ಮತ್ತು 500 ಮೀಟರಿನಲ್ಲಿ ಗುಂಡು 40 ಸೆಂಟಿಮೀಟರಿನಷ್ಟು ಕೆಳಗೆ ಬೀಳುತ್ತದೆ. ತಪ್ಪು ಕೊಟ್ಟ ತಿದ್ದುಪಡಿಯ ಕಾಲು ಭಾಗಕ್ಕಿಂತ ತುಸು ಹೆಚ್ಚಿದ್ದರೆ ಇದನ್ನೇ ಮೊದಲು ಶಂಕಿಸಬೇಕು.

ಟರೆಟ್ ತಿರುಗಿಸದೆ ರೆಟಿಕಲ್ಲಿನ ಕೆಳಗಿನ ಗೆರೆಗಳಿಂದಲೇ ಗುರಿಯಿಡುವವರು ರೆಟಿಕಲ್ ಯಾವ ನಾಭಿತಲದಲ್ಲಿದೆ (ಸ್ಕೋಪಿನೊಳಗೆ ಬಿಂಬ ಮೂಡುವ ತಲಗಳಲ್ಲಿ ಯಾವುದರಲ್ಲಿದೆ) ಎಂದು ತಿಳಿದಿರಬೇಕು. ಎರಡನೇ ನಾಭಿತಲದ ಸ್ಕೋಪಿನಲ್ಲಿ ಗೆರೆಗಳ ಅಳತೆ ಒಂದೇ ಒಂದು ವರ್ಧನೆಯಲ್ಲಿ, ಸಾಮಾನ್ಯವಾಗಿ ಗರಿಷ್ಠ ವರ್ಧನೆಯಲ್ಲಿ, ಸರಿಯಾಗಿರುತ್ತದೆ. ವರ್ಧನೆಯನ್ನು ಅರ್ಧಕ್ಕೆ ಇಳಿಸಿದರೆ ಮೂರು ಮಿಲ್ ಎಂದಿರುವ ಗೆರೆ ಆರು ಮಿಲ್ ಆಗಿ ಕೆಲಸ ಮಾಡುತ್ತದೆ, ಗುಂಡು ಗುರಿಯ ಮೇಲಿಂದ ಹಾರಿಹೋಗುತ್ತದೆ. ವರ್ಧನೆ ಬದಲಿಸಿದಾಗ ಗುರಿಯ ಜೊತೆ ರೆಟಿಕಲ್ ಕೂಡ ಹಿಗ್ಗುತ್ತ ಕುಗ್ಗುತ್ತ ಇದ್ದರೆ ಅದು ಮೊದಲ ನಾಭಿತಲದ್ದು, ಈ ತೊಂದರೆ ಅದಕ್ಕಿಲ್ಲ.

ಇವೆರಡೂ ಅಲ್ಲವಾದರೆ ಉಳಿಯುವುದು ಸ್ಕೋಪಿನ ಕ್ಲಿಕ್ ನಿಜವಾಗಿ ಅಷ್ಟೇ ಸರಿಯುತ್ತಿದೆಯೇ ಎಂಬ ಪ್ರಶ್ನೆ ಮತ್ತು ಗುಂಡಿನ ವೇಗ ಲೆಕ್ಕದಲ್ಲಿ ಬರೆದಷ್ಟೇ ಇದೆಯೇ ಎಂಬ ಪ್ರಶ್ನೆ. ಇಳಿತ ಸ್ಥೂಲವಾಗಿ ವೇಗದ ವರ್ಗಕ್ಕೆ ವಿಲೋಮವಾಗಿರುವುದರಿಂದ ವೇಗದಲ್ಲಿ ನೂರಕ್ಕೆ ಒಂದರಷ್ಟು ತಪ್ಪಿದ್ದರೆ ಇಳಿತದಲ್ಲಿ ಸುಮಾರು ಎರಡರಷ್ಟು ತಪ್ಪಾಗುತ್ತದೆ. ಕ್ಲಿಕ್ಕಿನಲ್ಲಿ ನೂರಕ್ಕೆ ಎರಡರ ಕೊರತೆಯಿದ್ದರೂ ಹಲಗೆಯ ಮೇಲೆ ಹೆಚ್ಚುಕಡಿಮೆ ಅದೇ ಕಾಣುತ್ತದೆ. ಅನೇಕರು ಇಲ್ಲಿ ಬ್ಯಾಲಿಸ್ಟಿಕ್ ಆ್ಯಪಿನಲ್ಲಿ (ಗುಂಡಿನ ಇಳಿತ ಲೆಕ್ಕಹಾಕುವ ಆ್ಯಪ್) ವೇಗವನ್ನು ತಿದ್ದಿ ಲೆಕ್ಕವನ್ನು ಹಲಗೆಗೆ ಹೊಂದಿಸಿಬಿಡುತ್ತಾರೆ. ಅದು ಆ ದಿನ, ಆ ದೂರಕ್ಕೆ ಸರಿಹೋದಂತೆ ಕಾಣುತ್ತದೆಯೇ ಹೊರತು, ನಿಜವಾದ ತಪ್ಪು ಸ್ಕೋಪಿನದಾಗಿದ್ದರೆ ಗಾಳಿಯ ಲೆಕ್ಕವೂ ಅದರೊಂದಿಗೆ ಕೆಡುತ್ತದೆ. ಆದ್ದರಿಂದ ವೇಗವನ್ನು ಮುಟ್ಟುವ ಮೊದಲು ಸ್ಕೋಪನ್ನು ಅಳೆಯಲೇಬೇಕು.

ಅಳೆಯುವ ವಿಧಾನ ಸರಳ. ಗುರಿಹಲಗೆಯನ್ನು ಟೇಪಿನಿಂದ ಅಳೆದ 100 ಮೀಟರಿಗೆ ನಿಲ್ಲಿಸಿ, ಅದರ ಮೇಲೆ ತೂಗುಗುಂಡಿನ ದಾರದ ಸಹಾಯದಿಂದ ಒಂದು ಲಂಬ ಗೆರೆ ಎಳೆದು, ಕೆಳತುದಿಯಿಂದ ಸರಿಯಾಗಿ 100 ಸೆಂಟಿಮೀಟರ್ ಮೇಲೆ ಗುರುತು ಹಾಕಿ. ಚೇಂಬರ್ ಖಾಲಿಯಿರುವ ರೈಫಲನ್ನು ಅಲುಗದ ಹಿಡಿತದಲ್ಲಿ ಬಿಗಿದು, ರೆಟಿಕಲ್ಲಿನ ನಡುವನ್ನು ಮೇಲಿನ ಗುರುತಿಗೆ ಕೂರಿಸಿ ಹತ್ತು ಮಿಲ್ ಮೇಲಕ್ಕೆ ತಿರುಗಿಸಿದರೆ, ಗುಂಡನ್ನು ಮೇಲಕ್ಕೆ ಒಯ್ಯಲು ರೆಟಿಕಲ್ ಕೆಳಗಿಳಿದು, ಕೆಳತುದಿಯ ಗುರುತಿಗೆ ಬಂದು ನಿಲ್ಲಬೇಕು. ಅದು 98 ಸೆಂಟಿಮೀಟರ್ ಮಾತ್ರ ಇಳಿದು ನಿಂತರೆ ನಿಮ್ಮ ಸ್ಕೋಪ್ ನೂರಕ್ಕೆ ಎರಡರಷ್ಟು ಕಡಿಮೆ ಸರಿಯುತ್ತದೆ, ಅಂದರೆ ಇನ್ನು ಮುಂದೆ ಪ್ರತಿ ತಿದ್ದುಪಡಿಯನ್ನೂ 1.02ರಿಂದ ಗುಣಿಸಬೇಕು. ಟರೆಟನ್ನು ಸೊನ್ನೆಗೆ ತಂದಾಗ ರೆಟಿಕಲ್ ಮೇಲಿನ ಗುರುತಿಗೇ ಮರಳುತ್ತದೆಯೇ ಎಂದೂ ನೋಡಿ. ಗುಂಡು ಹಾರಿಸಿಯೂ ಇದೇ ಪರೀಕ್ಷೆ ಮಾಡಬಹುದು. ಆಗ ಗುರಿಬಿಂದು ಕೆಳಗಿರುತ್ತದೆ, ಗುಂಪು ಮೇಲೆ ಬೀಳುತ್ತದೆ, ಆದರೆ ಗುಂಪಿನ ಹರವು ಅಳತೆಯನ್ನು ಮಸುಕಾಗಿಸುತ್ತದೆ.

ಒಂದೇ ಪ್ರಮಾಣದಲ್ಲಿ ತಪ್ಪುವ ಸ್ಕೋಪನ್ನು ಗುಣಿಸಿಕೊಂಡು ಬಳಸಬಹುದು. ಆದರೆ ಐದು ಮಿಲ್‌ವರೆಗೆ ಸರಿಯಿದ್ದು ಆಮೇಲೆ ಹಿಂದುಳಿಯುವ, ಅಥವಾ ಒಮ್ಮೆ 98, ಇನ್ನೊಮ್ಮೆ 101 ತೋರಿಸುವ ಸ್ಕೋಪ್ ಲೆಕ್ಕದಿಂದ ಸರಿಹೋಗುವಂಥದ್ದಲ್ಲ. ಅದು ರಿಪೇರಿಗೆ ಹೋಗಬೇಕು.

ಸ್ಕೋಪ್ ಸರಿಯೆಂದು ಸಾಬೀತಾದ ಮೇಲೆ ಉಳಿಯುವುದು ವೇಗ. ಮದ್ದುಗುಂಡಿನ ಪೆಟ್ಟಿಗೆಯ ಮೇಲಿನ ಅಂಕಿ ತಯಾರಕರ ಪರೀಕ್ಷಾ ನಳಿಗೆಯದು, ನಿಮ್ಮ ನಳಿಗೆ ಗಿಡ್ಡದಾಗಿದ್ದರೆ ವೇಗ ಅದಕ್ಕಿಂತ ಕಡಿಮೆಯಿರುತ್ತದೆ. ಕ್ರೋನೋಗ್ರಾಫಿನಲ್ಲಿ (ಗುಂಡಿನ ವೇಗ ಅಳೆಯುವ ಸಾಧನ) ಹತ್ತು ಗುಂಡಾದರೂ ಅಳೆದು ಸರಾಸರಿ ತೆಗೆದುಕೊಳ್ಳಿ, ಅಳೆದ ದಿನದ ತಾಪಮಾನವನ್ನೂ ಬರೆದಿಡಿ. ಚಳಿಯಲ್ಲಿ ಮದ್ದು ನಿಧಾನವಾಗಿ ಉರಿದು ವೇಗ ಇಳಿಯುತ್ತದೆ, ಬಿಸಿಲಿನಲ್ಲಿಟ್ಟ ಪೆಟ್ಟಿಗೆಯದು ಏರುತ್ತದೆ.

ಲಕ್ಷಣ: ಮಧ್ಯದೂರದವರೆಗೆ ಸರಿ, ಕೊನೆಯಲ್ಲಿ ಮಾತ್ರ ತಪ್ಪು

ನಾನೂರು ಮೀಟರಿನವರೆಗೆ ಲೆಕ್ಕದಂತೆಯೇ ಬಿದ್ದ ಗುಂಡು ಎಂಟುನೂರರಲ್ಲಿ ಕೈಕೊಟ್ಟರೆ ವೇಗವನ್ನಲ್ಲ, ಗಾಳಿಯ ತಡೆಗೆ ಸಂಬಂಧಿಸಿದ ಅಂಕಿಗಳನ್ನು ನೋಡಬೇಕು. ಬ್ಯಾಲಿಸ್ಟಿಕ್ ಗುಣಾಂಕ (ಗಾಳಿಯ ತಡೆಯನ್ನು ಗುಂಡು ಎಷ್ಟು ಚೆನ್ನಾಗಿ ಮೀರುತ್ತದೆಂಬ ಅಂಕಿ) ಜಿ1, ಜಿ7 ಎಂಬ ಎರಡು ಮಾದರಿ ಗುಂಡುಗಳಲ್ಲಿ ಯಾವುದಕ್ಕೆ ಹೋಲಿಸಿ ಕೊಟ್ಟದ್ದೆಂದು ಮೊದಲು ಖಚಿತಪಡಿಸಿಕೊಳ್ಳಿ. ಹಿಂಬದಿ ಕಿರಿದಾಗುವ ಉದ್ದನೆಯ ಗುಂಡುಗಳಿಗೆ ಜಿ7 ಹೆಚ್ಚು ಹೊಂದುತ್ತದೆ, ಮತ್ತು ಅದೇ ಗುಂಡಿನ ಜಿ7 ಅಂಕಿ ಜಿ1 ಅಂಕಿಯ ಅರ್ಧದಷ್ಟಿರುತ್ತದೆ. ಜಿ7 ಅಂಕಿಯನ್ನು ಜಿ1 ಎಂದು ತುಂಬಿದರೆ ಆ್ಯಪ್ ನಿಜದಲ್ಲಿ ಇಲ್ಲದ ಇಳಿತವನ್ನು ಊಹಿಸಿ ಅಗತ್ಯಕ್ಕಿಂತ ಹೆಚ್ಚು ತಿದ್ದುಪಡಿ ಹೇಳುತ್ತದೆ.

ಮುಂದಿನದು ವಾಯುಒತ್ತಡ. ಹವಾಮಾನ ವರದಿಗಳು ಹೇಳುವ ಒತ್ತಡ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕಹಾಕಿದ್ದು. ನಿಂತ ಜಾಗದ ನಿಜವಾದ ಒತ್ತಡ ಬೇರೆ. ಎತ್ತರದ ಪ್ರದೇಶದಲ್ಲಿ ನಿಂತು ವರದಿಯ ಅಂಕಿಯನ್ನು ನಿಜವಾದ ಒತ್ತಡವೆಂದು ತುಂಬಿದರೆ, ಆ್ಯಪ್ ದಟ್ಟವಾದ ಗಾಳಿಯಿದೆಯೆಂದು ನಂಬಿ ಹೆಚ್ಚು ತಿದ್ದುಪಡಿ ಕೊಡುತ್ತದೆ, ಗುಂಡು ಮೇಲೆ ಬೀಳುತ್ತದೆ. ಸಮುದ್ರಮಟ್ಟದ ಹತ್ತಿರ ಇದು ತಿಳಿಯುವುದೇ ಇಲ್ಲ.

ದೂರದ ಅಳತೆಯೂ ಇಲ್ಲೇ ಬಣ್ಣ ಬಯಲು ಮಾಡುತ್ತದೆ. 500 ಗಜವೆಂದರೆ 457 ಮೀಟರ್. ಲೇಸರ್ ದೂರಮಾಪಕ ಗಜದಲ್ಲಿ ಹೇಳಿದ್ದನ್ನು ಮೀಟರ್ ಎಂದು ತುಂಬಿದರೆ ಆಗುವ ತಪ್ಪು ಹತ್ತಿರದಲ್ಲಿ ಗುಂಪಿನೊಳಗೇ ಅಡಗಿ, ದೂರದಲ್ಲಿ ದೊಡ್ಡದಾಗಿ ಎದ್ದು ಕಾಣುತ್ತದೆ. ಲೇಸರ್ ಕಿರಣ ಚಿಕ್ಕ ಹಲಗೆಯನ್ನು ತಪ್ಪಿಸಿ ಹಿಂದಿನ ದಿಬ್ಬಕ್ಕೆ ತಾಗಿರುವ ಸಾಧ್ಯತೆಯೂ ಇದೆ.

ಇವೆಲ್ಲ ಸರಿಯಿದ್ದು, ಆ ದೂರದಲ್ಲಿ ಗುಂಪೇ ಇದ್ದಕ್ಕಿದ್ದಂತೆ ಹರಡಿಕೊಂಡರೆ ಗುಂಡು ಶಬ್ದದ ವೇಗದ ಹತ್ತಿರಕ್ಕೆ, ಅಂದರೆ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 340 ಮೀಟರಿಗೆ, ಇಳಿಯುತ್ತಿರಬಹುದು. ಆ ಹಂತದಲ್ಲಿ ಕೆಲವು ಗುಂಡುಗಳು ಸ್ಥಿರತೆ ಕಳೆದುಕೊಳ್ಳುತ್ತವೆ. ಇದಕ್ಕೆ ಸ್ಕೋಪಿನಲ್ಲಿ ಪರಿಹಾರವಿಲ್ಲ.

ಲಕ್ಷಣ: ಮೇಲಕ್ಕೆ ತಿರುಗಿಸಿದಷ್ಟೂ ಗುಂಡು ಪಕ್ಕಕ್ಕೆ ಸರಿಯುತ್ತದೆ

ಗಾಳಿಯಿಲ್ಲದ ದಿನವೂ ದೂರ ಹೆಚ್ಚಿದಂತೆ ಗುಂಡು ಒಂದೇ ಬದಿಗೆ ಹೋಗುತ್ತಿದ್ದರೆ ಓರೆಯನ್ನು ಶಂಕಿಸಬೇಕು. ರೈಫಲನ್ನು ಐದು ಡಿಗ್ರಿ ಬಲಕ್ಕೆ ಓರೆ ಹಿಡಿದು ಐದು ಮಿಲ್ ಏರಿಸಿದರೆ ಅದರಲ್ಲಿ ಸುಮಾರು 0.44 ಮಿಲ್ ಬಲಕ್ಕೆ ಸೋರಿಹೋಗುತ್ತದೆ, 600 ಮೀಟರಿನಲ್ಲಿ ಅದು 26 ಸೆಂಟಿಮೀಟರ್. ಎತ್ತರದಲ್ಲಿ ಆಗುವ ನಷ್ಟ ಮಾತ್ರ ಅತ್ಯಲ್ಪ. ಹಾಗಾಗಿ ಓರೆಯ ತಪ್ಪನ್ನು ಗಾಳಿಯ ತಪ್ಪೆಂದು ಭಾವಿಸುವುದು ಸುಲಭ. ಮೇಲೆ ಹೇಳಿದ ಲಂಬ ಗೆರೆಯ ಪರೀಕ್ಷೆಯಲ್ಲಿ, ರೆಟಿಕಲ್ಲಿನ ನಿಲುಗೆರೆಯನ್ನು ಹಲಗೆಯ ಗೆರೆಗೆ ಹೊಂದಿಸಿಟ್ಟಿದ್ದರೂ ಟರೆಟ್ ತಿರುಗಿಸುತ್ತಿದ್ದಂತೆ ನಡುಬಿಂದು ಗೆರೆಯನ್ನು ಬಿಟ್ಟು ಪಕ್ಕಕ್ಕೆ ಹೋದರೆ ರೆಟಿಕಲ್ಲೇ ಒಳಗೆ ಓರೆಯಾಗಿ ಕೂತಿದೆ. ಗೆರೆಗುಂಟ ನೇರವಾಗಿ ಬಂದರೆ ಓರೆ ನಿಮ್ಮ ಹಿಡಿತದ್ದು; ಕೊಳವೆಯ ಮೇಲೆ ಚಿಕ್ಕ ರಸಮಟ್ಟ ಕೂರಿಸಿದರೆ ಸಾಕು. ಬಲಸುತ್ತಿನ ನಳಿಗೆಯಿಂದ (ಒಳಗಿನ ಸುರುಳಿಗೀರುಗಳು ಬಲಕ್ಕೆ ಸುತ್ತುವ ನಳಿಗೆ) ಹೊರಟ ಗುಂಡು ತನ್ನ ಸುತ್ತುವಿಕೆಯಿಂದಲೇ ದೂರದಲ್ಲಿ ಸ್ವಲ್ಪ ಬಲಕ್ಕೆ ಸರಿಯುವುದು ಸಹಜ, ಅದು ದೋಷವಲ್ಲ.

ಲಕ್ಷಣ: ಟರೆಟ್ ಮುಂದೆ ತಿರುಗುವುದಿಲ್ಲ, ಅಥವಾ ಸೊನ್ನೆಗೆ ತಂದರೂ ಜೀರೋ ಸಿಗುವುದಿಲ್ಲ

ಒಟ್ಟು 60 ಎಂಓಎ ಚಲನೆಯಿರುವ ಸ್ಕೋಪನ್ನು ಸಮತಟ್ಟಾದ ಬೇಸಿನ ಮೇಲೆ ಕೂರಿಸಿದರೆ ಮೇಲಕ್ಕೆ ಸಿಗುವುದು ಅದರ ಅರ್ಧ, ಸುಮಾರು 8.7 ಮಿಲ್. ಅದು ಮುಗಿದಾಗ ಟರೆಟ್ ನಿಲ್ಲುತ್ತದೆ. ಬಲ ಹಾಕಿ ತಿರುಗಿಸಬಾರದು. 20 ಎಂಓಎ ಇಳಿಜಾರಿರುವ ಬೇಸ್ ಹಾಕಿಕೊಂಡರೆ 5.8 ಮಿಲ್ ಹೆಚ್ಚು ಸಿಗುತ್ತದೆ. ಸೊನ್ನೆ ಸಿಗದಿರುವುದಕ್ಕೆ ಅತಿ ಸಾಮಾನ್ಯ ಕಾರಣ ಒಂದು ಪೂರ್ತಿ ಸುತ್ತು ಹೆಚ್ಚಾಗಿ ಉಳಿದಿರುವುದು, ಟರೆಟಿನ ಬುಡದ ಅಡ್ಡಗೆರೆಗಳನ್ನು ಎಣಿಸಿದರೆ ತಿಳಿಯುತ್ತದೆ. ಸುತ್ತೂ ಸರಿಯಿದ್ದು, ಒಂದೆರಡು ಗುಂಡು ಹಾರಿಸಿದ ಮೇಲಷ್ಟೇ ಗುಂಪು ಹಳೆಯ ಜಾಗಕ್ಕೆ ಬಂದರೆ ಒಳಗಿನ ಸ್ಪ್ರಿಂಗ್ ಸೋತಿದೆ.

ಲಕ್ಷಣ: ದೂರದಲ್ಲಿ ಗುಂಪು ನಿಲುವಾಗಿ ಉದ್ದವಾಗುತ್ತದೆ

ಅಡ್ಡಕ್ಕೆ ಕಿರಿದಾಗಿದ್ದು ನಿಲುವಿಗೆ ಮಾತ್ರ ಉದ್ದವಾದರೆ ಗುಂಡಿನಿಂದ ಗುಂಡಿಗೆ ವೇಗ ಬದಲಾಗುತ್ತಿದೆ. ಸೆಕೆಂಡಿಗೆ 800 ಮೀಟರ್ ವೇಗದ ಗುಂಡಿನಲ್ಲಿ 20 ಮೀಟರ್ ಏರುಪೇರಾದರೆ 600 ಮೀಟರಿನಲ್ಲಿ ಸುಮಾರು ಕಾಲು ಮೀಟರ್ ಅಂತರ ಬೀಳುತ್ತದೆ. ಬೇರೆ ಮದ್ದುಗುಂಡು ಪ್ರಯತ್ನಿಸಿ. ಟರೆಟಿನಿಂದ ಇದಕ್ಕೆ ಉತ್ತರವಿಲ್ಲ.

ಏರು ಅಥವಾ ಇಳಿಜಾರಿನ ಕಡೆ ಹಾರಿಸಿದಾಗ ಮಾತ್ರ ಗುಂಡು ಮೇಲೆ ಬೀಳುತ್ತಿದ್ದರೆ ಇಳಿಜಾರಿನುದ್ದಕ್ಕೆ ಅಳೆದ ದೂರವನ್ನು ಸಮತಟ್ಟಿನ ದೂರಕ್ಕೆ ಇಳಿಸದೆ ಹಾಗೆಯೇ ಬಳಸಿದ್ದೀರಿ. 30 ಡಿಗ್ರಿ ಇಳಿಜಾರಿನಲ್ಲಿ 400 ಮೀಟರ್ ದೂರದ ಗುರಿಗೆ, 0.866ರಿಂದ (30 ಡಿಗ್ರಿಯ ಕೊಸೈನ್) ಗುಣಿಸಿದ 346 ಮೀಟರಿನ ತಿದ್ದುಪಡಿ ಸರಿಸುಮಾರು ಸಾಕು.

ತಕ್ಷಣ ನಿಲ್ಲಿಸಬೇಕಾದ ಸಂದರ್ಭಗಳು

ಹೊಡೆತದ ಸದ್ದು ಎಂದಿಗಿಂತ ಮಂದವಾಗಿ ಕೇಳಿದರೆ, ಹಲಗೆಯಲ್ಲಿ ತೂತು ಕಾಣದಿದ್ದರೆ, ಮುಂದಿನ ಗುಂಡು ಹಾರಿಸಲೇಬಾರದು. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಟ್ರಿಗರ್ ಎಳೆದರೂ ಹಾರದಿದ್ದರೆ ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾದು, ರೇಂಜ್ ಅಧಿಕಾರಿಯ ಸೂಚನೆಯಂತೆ ನಡೆಯಬೇಕು. ಬೋಲ್ಟ್ ತೆರೆಯಲು ಬಿಗಿಯಾದರೆ, ಖಾಲಿ ಕೇಸ್ ಸೀಳಿದ್ದರೆ ಅಥವಾ ಅದರ ಪ್ರೈಮರ್ (ಮದ್ದು ಹೊತ್ತಿಸುವ ಪುಟ್ಟ ಬಿಲ್ಲೆ) ಚಪ್ಪಟೆಯಾಗಿದ್ದರೆ ಒತ್ತಡ ಮಿತಿಮೀರಿರುವ ಶಂಕೆಯಿದೆ, ಆ ರೈಫಲ್ ಆರ್ಮರರ್ (ಬಂದೂಕು ದುರಸ್ತಿಗಾರ) ಕೈಗೆ ಹೋಗಬೇಕು. ಹಿನ್ನೂಕಿಗೆ ಸ್ಕೋಪಿನ ಅಂಚು ಹುಬ್ಬಿಗೆ ತಾಗುತ್ತಿದ್ದರೆ ಅದೇ ಸ್ಥಿತಿಯಲ್ಲಿ ಮುಂದುವರಿಯದೆ, ಸ್ಕೋಪನ್ನು ಮುಂದಕ್ಕೆ ಸರಿಸಿ ಮತ್ತೆ ಜೀರೋ ಮಾಡಿ.

ಮಸೂರದ ಒಳಮೈಯಲ್ಲಿ ಮಂಜು ಕಟ್ಟಿದರೆ, ಅಲುಗಿಸಿದಾಗ ಒಳಗೆ ಸದ್ದಾದರೆ ಅಥವಾ ಕ್ಲಿಕ್ಕುಗಳು ಮೆತ್ತಗಾಗಿ ಎಣಿಕೆಗೆ ಸಿಗದಂತಾದರೆ ಸ್ಕೋಪನ್ನು ಮನೆಯಲ್ಲಿ ಬಿಚ್ಚಬಾರದು. ಒಳಗೆ ತುಂಬಿದ ಒಣ ಸಾರಜನಕ ಅಥವಾ ಆರ್ಗಾನ್ ಒಮ್ಮೆ ಹೊರಹೋದರೆ ತೇವ ಒಳಸೇರುತ್ತದೆ. ಸ್ಕೋಪನ್ನು ರೈಫಲಿನಿಂದ ಬೇರ್ಪಡಿಸಿ ತಯಾರಕರ ಸೇವಾ ಕೇಂದ್ರಕ್ಕೆ ಕಳಿಸುವಾಗ, ಲಂಬ ಗೆರೆಯ ಪರೀಕ್ಷೆಯಲ್ಲಿ ಎಷ್ಟು ಮಿಲ್‌ಗೆ ಎಷ್ಟು ಸೆಂಟಿಮೀಟರ್ ಸರಿಯಿತು, ಸೊನ್ನೆಗೆ ಮರಳಿದಾಗ ಎಷ್ಟು ವ್ಯತ್ಯಾಸ ಉಳಿಯಿತು ಮತ್ತು ಆಗ ಪ್ಯಾರಲಾಕ್ಸ್ ಹಾಗೂ ವರ್ಧನೆ ಎಷ್ಟಕ್ಕೆ ಇತ್ತು ಎಂಬುದನ್ನು ಬರೆದು ಜೊತೆಗಿಟ್ಟರೆ, ದೋಷವನ್ನು ಮತ್ತೆ ಹುಡುಕುವ ಕೆಲಸ ಅವರಿಗೆ ಉಳಿಯುವುದಿಲ್ಲ.